ಕೇಕಯಕ್ಕೆ ಬಂದ ಸುದ್ದಿ

ಲಿಂಡನ್ ಸ್ಟೇಷನ್ ಇರಬೇಕು, ರೈಲಿನ ಕಿಟಕಿಯಾಚೆ ಎಣ್ಣೆಯ ಟ್ಯಾಂಕುಗಳು, ಬಿಳಿಯವು, ಗುಂಡನೆಯವು, ಎಷ್ಟು ಎಣ್ಣೆ, ಒಬ್ಬ ರಾಜನನ್ನು ಮಲಗಿಸಲು ಎಷ್ಟು ಬೇಕಾದೀತು — ಸತ್ತ ದಶರಥನನ್ನು ಎಣ್ಣೆಯ ತೊಟ್ಟಿಯಲ್ಲಿಟ್ಟು ಕಾದರಂತೆ, ದಹನ ಮಾಡಬೇಕಾದ ಮಗ ಭರತ ದೂರದ ಕೇಕಯದಲ್ಲಿದ್ದ, ಅಜ್ಜನ ಮನೆಯಲ್ಲಿ, ಎಷ್ಟೋ ಹೊಳೆಗಳಾಚೆ, ಕುದುರೆಗಳ ದೇಶ, ಕಂಬಳಿಗಳ ದೇಶ, ಅರಮನೆಯೊಳಗೇ ಸಾಕಿದ ಹುಲಿಯಂಥ ನಾಯಿಗಳ ದೇಶ, ಆ ನಾಯಿಗಳು ಅನ್ನ ತಿಂತಿದ್ವಾ ಮೇಷ್ಟ್ರೇ ಎಂದು ನಾನು ಕೇಳಿದ್ದೆ, ಮೇಷ್ಟ್ರು ನಕ್ಕಿದ್ದರು, ಮೈಸೂರಿನ ಆ ಜಗಲಿ, ಸಂಜೆ, ನನ್ನ ಪಕ್ಕದಲ್ಲಿ ಚಡ್ಡಿ ಹಾಕಿಕೊಂಡ ಬದರಿ. ಈಗಲೂ ಪಕ್ಕದಲ್ಲೇ ಇದ್ದಾನೆ, ತೊಡೆಯ ಮೇಲೆ ಮಫ್ಲರಿನ ಡಬ್ಬ, ಈ ಬಣ್ಣ ಅಪ್ಪಂಗೆ ಒಪ್ಪತ್ತೇನೋ ಸೂರಿ, ಒಪ್ಪತ್ತೆ, ಅಯ್ಯೋ ಬಾಯಿಬಿಟ್ಟು ಮಾತಾಡೋ, ನಿನ್ನೆಯಿಂದ ಒಳ್ಳೆ ಮೂಗಬಸವ ಆಗಿದೀಯಲ್ಲ, ನಿದ್ದೆ ಇಲ್ಲ ಕಣೋ ಅಷ್ಟೆ. ಮೇಷ್ಟ್ರು ಅವನ ಅಪ್ಪ. ಅವನಿಗೆ ಗೊತ್ತಿರುವುದು ಸೀರಿಯಸ್ ಎಂದಷ್ಟೇ. ನಾನು ಹೇಳಿದ್ದು ಅಷ್ಟೇ.

ಮಂಗಳವಾರ ಮಧ್ಯಾಹ್ನ ಮೆಟುಚೆನ್‌ನ ನಮ್ಮ ರೂಮಿನಲ್ಲಿ ಫೋನ್ ಹೊಡೆದುಕೊಂಡಿತು, ಬದರಿ ಲೈಬ್ರರಿಯಲ್ಲಿದ್ದ, ಟೆಲಿಗ್ರಾಂ ಓದಿ ಹೇಳುವ ಹೆಂಗಸು, ಒಂದೊಂದೇ ಪದ, ಅಕ್ಷರ ಬಿಡಿಸಿ — ತಂದೆ ತೀರಿಕೊಂಡರು, ಗುರುವಾರದವರೆಗೆ ಐಸಿನಲ್ಲಿಟ್ಟು ಕಾಯುತ್ತೇವೆ, ತಕ್ಷಣ ಹೊರಡು, ಚಿಕ್ಕಪ್ಪ. ಶುಡ್ ಐ ರಿಪೀಟ್ ಇಟ್ ಸರ್, ಬೇಡ ಎಂದೆ. ಶುಕ್ರವಾರ ಅವನ ಕ್ವಾಲಿಫೈಯಿಂಗ್ ಪರೀಕ್ಷೆ, ಎರಡನೇ ಸಲ, ಈ ಸಲ ಹೋದರೆ ವೀಸಾ ಹೋಗುತ್ತದೆ, ಎಪ್ಪತ್ತೆರಡರ ಈ ಒಂದು ಶುಕ್ರವಾರಕ್ಕಾಗಿ ಅವನು ಮೂರು ವರ್ಷ ಊರಿಗೆ ಹೋಗಿರಲಿಲ್ಲ, ಇನ್ನು ಮೂರೇ ದಿನ, ಆಗ ನನಗೆ ನೆನಪಾದದ್ದು ಮೇಷ್ಟ್ರೇ, ಎಂಥ ಹೊತ್ತಿನಲ್ಲಿ ಯಾರು ನೆನಪಾಗುತ್ತಾರೆ ನೋಡು. ಕೇಕಯಕ್ಕೆ ಬಂದ ದೂತರಿಗೆ ಸಾವಿನ ಸುದ್ದಿ ಹೇಳಬಾರದೆಂದು ಆಜ್ಞೆಯಿತ್ತು, ಅಪ್ಪ ಹೇಗಿದ್ದಾರೆ ಎಂದು ಭರತ ಕೇಳಿದರೆ ಎಲ್ಲರೂ ಕ್ಷೇಮ ಎಂದರು, ಅದು ಸುಳ್ಳಲ್ವಾ ಮೇಷ್ಟ್ರೇ, ಸುಳ್ಳಲ್ಲ ಕಣೋ ಮಗು, ದಾರಿಬುತ್ತಿ, ಅಷ್ಟು ದೂರದ ದಾರಿ ಸವೆಸಬೇಕಲ್ಲ ಆ ಹುಡುಗ. ನಾನು ಆ ಮಾತು ಹಿಡಿದುಕೊಂಡೆ. ಚಿಕ್ಕಪ್ಪನಿಗೆ ಉತ್ತರ ಕೊಡಲಿಲ್ಲ, ಏನೆಂದು ಕೊಡಲಿ, ಬುಧವಾರ ಬೆಳಿಗ್ಗೆ ಟೋಸ್ಟಿಗೆ ಉಪ್ಪಿನಕಾಯಿ ಸವರುತ್ತಾ ಬದರಿ, ಅಪ್ಪ ಕನಸಲ್ಲಿ ಬಂದಿದ್ರು ಕಣೋ, ತಲೆಯೆಲ್ಲ ಒದ್ದೆ, ಒರೆಸ್ಕೊಳ್ಳಿ ಅಂದ್ರೆ ಬೇಡ ಅಂತಾರೆ, ಓದೀ ಓದೀ ನಿನಗೆ ತಲೆ ಕೆಟ್ಟಿದೆ ಎಂದೆ, ನಗಿಸಿದೆ ಕೂಡ, ಆ ಹೊತ್ತಿಗೆ ಅಲ್ಲಿ ಐಸು ಕರಗುತ್ತಿತ್ತು, ಮತ್ತೆ ತಂದಿರಬೇಕು, ಮೂಟೆ ಮೂಟೆ, ಹೊಟ್ಟು ಹಾಕಿದ್ದು, ಬಾಗಿಲಲ್ಲಿ ಯಾರೋ ನಿಂತು ಬೀದಿ ನೋಡಿರಬೇಕು. ಶುಕ್ರವಾರ ಅವನು ಪರೀಕ್ಷೆಗೆ ಹೊರಟಮೇಲೆ ಇನ್ನೊಂದು ಬಂತು — ಉತ್ತರವಿಲ್ಲ, ನಾನೇ ಕೊಳ್ಳಿಯಿಟ್ಟೆ, ಚಿಕ್ಕಪ್ಪ. ಸಂಜೆ ಬದರಿ ಪಾಸಾಗಿ ಬಂದ, ನನ್ನನ್ನು ಎತ್ತಿ ತಿರುಗಿಸಿದ, ಲೋ ಅಪ್ಪಂಗೆ ಮೊದಲು ತಿಳಿಸ್ಬೇಕು ಕಣೋ ಎಂದ, ಅಪ್ಪ ಸೀರಿಯಸ್ ಅಂತ ಟೆಲಿಗ್ರಾಂ ಬಂದಿದೆ, ನಾಳೆಯೇ ಹೊರಡು ಎಂದೆ.

ಆ ದೂತರು ಸುಳ್ಳು ಹೇಳಿದರು, ಆದರೆ ಅದೇ ದಿನ ಹೊರಡಿಸಿದರು, ಇದು ನನಗೆ ನಿನ್ನೆಯವರೆಗೆ ಕಾಣಲಿಲ್ಲ, ಇಷ್ಟು ಓದಿದವನಿಗೆ, ಭರತ ತಲುಪುವವರೆಗೂ ತೊಟ್ಟಿಯಲ್ಲಿ ಅಪ್ಪ ಇದ್ದ, ಮುಖ ಇತ್ತು, ನಾನು ಬದರಿಗೆ ಬುತ್ತಿ ಕಟ್ಟಿಕೊಟ್ಟೆ, ಕೇಕಯದಲ್ಲೇ ಕೂರಿಸಿ ತಿನ್ನಿಸಿದೆ. ನ್ಯೂಅರ್ಕ್, ಜನ ಹತ್ತಿದರು, ಜೌಗು ನೆಲ, ಜೊಂಡು, ಕೆನಡಿಯಲ್ಲಿ ವಿಮಾನ ಸಂಜೆಗೆ, ಅಷ್ಟರೊಳಗೆ ಹೇಳಬೇಕು, ಹೇಳದೆ ಕಳಿಸಿದರೆ ಆ ಮಫ್ಲರ್ ಹಿಡಿದುಕೊಂಡು ಮನೆಯೊಳಗೆ ಹೋಗುತ್ತಾನೆ, ಹೇಳಿದರೆ ಯಾವತ್ತು ಗೊತ್ತಾಯ್ತು ನಿಂಗೆ ಎನ್ನುತ್ತಾನೆ, ಆ ಒಂದು ಪ್ರಶ್ನೆ, ಮಂಗಳವಾರ ಎನ್ನಬೇಕು. ಸುರಂಗ ಬಂತು, ಮೇಲೆ ಹಡ್ಸನ್ ನದಿ, ಕಿಟಕಿ ಒಮ್ಮೆಗೇ ಕಪ್ಪಾಗಿ ಕನ್ನಡಿಯಾಯಿತು, ಬದರಿ ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು ಗಾಜಿನಲ್ಲಿ ನೋಡಿಕೊಂಡು ಮೀಸೆ ಬಾಚುತ್ತಿದ್ದಾನೆ, ಇದೇನೋ ಕಾಡುಮನುಷ್ಯನ ಥರ ಅಂತ ಬೈತಾರೆ ನೋಡ್ತಿರು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಅಪ್ಪ ಇರುವ ಮಗ ನಮ್ಮಲ್ಲಿ ಮೀಸೆ ತೆಗೆಯುವುದಿಲ್ಲ, ಅಪ್ಪ ಹೋದಾಗ ತಲೆಗೂದಲ ಜೊತೆ ಅದೂ ಹೋಗುತ್ತದೆ, ಹೋಗಬೇಕಾದ ಮೀಸೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಅಷ್ಟು ಅಕ್ಕರೆಯಿಂದ, ಬಿಡೋ ಬದರಿ ಎಂದೆ, ಏನು, ಮೀಸೆ ಬಿಡೋ, ಬಾಚಬೇಡ, ಯಾಕೋ — ಗಾಜಿನೊಳಗಿನ ಅವನ ಕಣ್ಣು ಗಾಜಿನೊಳಗಿನ ನನ್ನನ್ನು ನೋಡಿತು, ಬಾಚಣಿಗೆ ನಿಂತಿತು, ಬಲತುದಿಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ, ಮೀಸೆಯಲ್ಲಿ ಸಿಕ್ಕಿಕೊಂಡ ಬಾಚಣಿಗೆ, ಮೀಸೆಯಲ್ಲಿ ಬಾಚಣಿಗೆ, ಬಾಚಣಿಗೆ