ವೈರಸ್ಸಂತೆ

"ವೈರಸ್ಸಂತೆ! ಚಿಕ್ಕ ಮೇಡಂ ಮಾಡಿದ ಪ್ರೋಗ್ರಾಮಿಗೆ ವೈರಸ್ ಬಂದಿದೆಯಂತೆ!" ರಕ್ತನಿಧಿಯ ನರ್ಸಮ್ಮ ಕೂಗಿದಾಗ ದೊಡ್ಡವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಪರದೆಯ ಮೇಲೆ ಕೆಂಪು ಚೌಕ. ಯಾವ ಗುಂಪಿನ ರಕ್ತ ಫ್ರಿಜ್ಜಿನಲ್ಲಿ ಎಲ್ಲಿದೆಯೆಂದು ಹೇಳುವ ಪ್ರೋಗ್ರಾಮನ್ನು ಆಂಟಿವೈರಸ್ ಹಿಡಿದು ಕೂಡಿಹಾಕಿತ್ತು. ಅದನ್ನು ಬರೆದ ಚಿಕ್ಕ ಮೇಡಂ ದೊಡ್ಡವಳ ಓರಗಿತ್ತಿ, ಮೈದುನನ ಹೆಂಡತಿ. ಆಸ್ಪತ್ರೆಯ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ಸಾಕಿದವಳು ದೊಡ್ಡವಳು. ಓರಗಿತ್ತಿಯನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಆದರೀಗ ಡಾಕ್ಟರು ಎಲ್ಲದಕ್ಕೂ "ಚಿಕ್ಕ ಮೇಡಂನ ಕರೀರಿ" ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆಯದೂ ಅದೇ ರಾಗ: "ನಮ್ಮ ಚಿಕ್ಕವಳು ಯಂತ್ರಕ್ಕೇ ಬುದ್ಧಿ ಹೇಳ್ತಾಳೆ!"

ಕುರ್ಚಿ ಎಳೆದುಕೊಂಡು ಕೂತ ಸ್ವಲ್ಪ ಹೊತ್ತಿಗೇ ವಿಷಯ ತಿಳಿಯಿತು. ತಾನು ಎತ್ತಿಟ್ಟಿದ್ದ ಮೂಲ ಪ್ರತಿಗೂ ಇದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಬದಲಾದದ್ದು ಆಂಟಿವೈರಸ್ಸೇ. ಬೆಳಿಗ್ಗೆ ಹೊಸ ಅಪ್‌ಡೇಟ್ ಇಳಿಸಿಕೊಂಡು ಹಗ್ಗವನ್ನು ಹಾವೆಂದಿತ್ತು. ಇದು ನಮ್ಮದೇ, ಬಿಡು ಎಂದು ಒಪ್ಪಿಗೆ ಕೊಟ್ಟರೆ ಮುಗಿಯಿತು.

ಮೌಸಿನ ಮೇಲಿದ್ದ ಕೈ ಅಲ್ಲಾಡಲಿಲ್ಲ.

"ಏನಾಗಿದೆ?" ಬಾಗಿಲಲ್ಲಿ ಡಾಕ್ಟರು.

"ನೋಡ್ಬೇಕು ಸರ್. ಎಲ್ಲೆಲ್ಲಿಂದ ಏನೇನು ತಂದು ಸೇರಿಸಿದ್ದಾಳೋ!"

ಓರಗಿತ್ತಿ ಓಡಿಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕಾ, ನನ್ನಿಂದಾನೇ ಆಯ್ತಾ? ಬೇರೆ ಕಂಪ್ಯೂಟರಿಗೂ ಹರಡುತ್ತಾ?"

"ಹರಡಿದ್ರೂ ಹರಡಬಹುದು." ಮಾತು ನಾಲಿಗೆಗೆ ಸಿಹಿಯಾಗಿತ್ತು.

ಅಷ್ಟರಲ್ಲಿ ಕಿಟಕಿಯ ಸರಳು ಹಿಡಿದು ಒಬ್ಬ ನಿಂತಿದ್ದ. ಹೆಂಡತಿ ಆಪರೇಷನ್ ಮೇಜಿನ ಮೇಲಿದ್ದಳು. "ಇನ್ನೂ ಸಿಗಲಿಲ್ವೇನಮ್ಮಾ?" ಅವಳದು ಅಪರೂಪದ ಗುಂಪಿನ ರಕ್ತ. ನರ್ಸಮ್ಮ ಫ್ರಿಜ್ಜಿನೊಳಗೆ ತಲೆ ತೂರಿಸಿ ಒಂದೊಂದೇ ಚೀಲ ತಿರುಗಿಸಿ ನೋಡುತ್ತಿದ್ದಳು. ಓರಗಿತ್ತಿಯೂ ಮಂಡಿಯೂರಿ ಕೆಳಗಿನ ಖಾನೆ ಹುಡುಕತೊಡಗಿದಳು. ನೋಡಿದ ಚೀಲವನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು. ಆ ಮನುಷ್ಯ ಹಣೆಯನ್ನು ಸರಳಿಗೆ ಒತ್ತಿಕೊಂಡ.

ದೊಡ್ಡವಳು ಒಪ್ಪಿಗೆ ಒತ್ತಿದಳು. ಪ್ರೋಗ್ರಾಮ್ ತೆರೆದುಕೊಂಡಿತು.

"ಮೇಲಿನ ಖಾನೆ! ಬಲಗಡೆ, ಹಿಂದೆ!"

ನರ್ಸಮ್ಮ ಚೀಲ ಹಿಡಿದು ಓಡಿದಳು, ಆ ಮನುಷ್ಯ ಅವಳ ಬೆನ್ನಹಿಂದೆ.

"ಭೇಷ್! ಹಳೇ ಕೈ ಹಳೇ ಕೈಯೇ," ಎಂದರು ಡಾಕ್ಟರು. "ವೈರಸ್ ಹೊಡೆದುಹಾಕಿದ್ರಿ."

"ವೈರಸ್ ಇರ್ಲೇ ಇಲ್ಲ ಸರ್. ಆಂಟಿವೈರಸ್ಸಿಂದೇ ತಪ್ಪು."

"ಮನೆಯವಳು ಅಂತ ಮುಚ್ಚಿಹಾಕ್ಬೇಡಿ. ಇನ್ಮೇಲೆ ಚಿಕ್ಕ ಮೇಡಂ ಏನು ಮಾಡಿದ್ರೂ ನೀವು ನೋಡಿ ಒಪ್ಪಬೇಕು," ಎಂದು ಅವರು ಹೊರಟೇಬಿಟ್ಟರು.

ಎಷ್ಟೋ ದಿನದಿಂದ ಬಯಸಿದ್ದು ತಾನಾಗಿ ಮಡಿಲಿಗೆ ಬಿದ್ದಿತ್ತು. ಓರಗಿತ್ತಿ ಇನ್ನೂ ನೆಲದಲ್ಲೇ ಕೂತು ಚೀಲಗಳನ್ನು ಸಾಲಿಗಿಡುತ್ತಿದ್ದಳು. "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಅಕ್ಕಾ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ದೊಡ್ಡವಳು ಬೇರೆ ಕಡೆ ನೋಡಿದಳು. "ವೈರಸ್ ಅಲ್ಲ ಅಂತ ನಂಗೆ ಆಗ್ಲೇ ಗೊತ್ತಾಗಿತ್ತು ಕಣೇ. ಕೂತ ಕೂಡ್ಲೇ."

ಚೀಲ ಇಡುತ್ತಿದ್ದ ಕೈ ನಿಂತಿತು. ಓರಗಿತ್ತಿ ಕೊನೆಯ ಚೀಲವನ್ನೂ ಇಟ್ಟು, ಎದ್ದು, ಮಂಡಿಯ ಧೂಳು ಕೊಡವಿಕೊಂಡಳು.

"ಲ್ಯಾಬಿನ ಕಂಪ್ಯೂಟರಲ್ಲೂ ಒಪ್ಪಿಗೆ ಕೊಡ್ಬೇಕು. ಬನ್ನಿ," ಎಂದಳು.

ಬಾಗಿಲು ತಳ್ಳಿಕೊಂಡು ಅವಳು ಮುಂದೆ ನಡೆದಳು. ಹಿಂದೆ ಬರುವವರಿಗಾಗಿ ಯಾವಾಗಲೂ ಅದನ್ನು ಹಿಡಿದು ನಿಲ್ಲುತ್ತಿದ್ದವಳು. ಈ ಸಲ ಬಾಗಿಲು ನಿಧಾನವಾಗಿ ಮರಳಿ ಬಂದು ದೊಡ್ಡವಳ ಮುಂದೆ ಮುಚ್ಚಿಕೊಂಡಿತು.