ಬಂದರಿನ ಮಾವನಿಗೆ ಹಲ್ಲು ಕಟ್ಟಿದ್ದು

ಜೈಲಿನ ಆಸ್ಪತ್ರೆ ಕೋಣೆಗೆ ಕಾಲಿಟ್ಟ ದಂತವೈದ್ಯೆಗೆ ಮೊದಲು ಕಂಡದ್ದು ರೋಗಿಯಲ್ಲ, ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನೌಕಾಪಡೆಯ ಅಧಿಕಾರಿ. ರೋಗಿಯನ್ನಂತೂ ಊರಲ್ಲಿ ಅರಿಯದವರಿರಲಿಲ್ಲ. ಇಡೀ ಬಂದರನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ರೌಡಿ. ಎಲ್ಲರ ಬಾಯಲ್ಲೂ 'ಮಾವ'. ಜೈಲು ಸೇರಿದ ಮೇಲೆ ವಸಡು ಕೆಟ್ಟು, ಹಲ್ಲೆಲ್ಲ ಉದುರಿ, ಮಾವ ಈಗ ಅಜ್ಜನಂತೆ ಕಾಣುತ್ತಿದ್ದ.

"ಪೂರ್ತಿ ಸೆಟ್ಟು ಬೇಕು, ಬೇಗ. ಹೊರಗೆ ಯಾರಿಗೂ ಗೊತ್ತಾಗಬಾರದು," ಎಂದ ಅಧಿಕಾರಿ.

"ಯುದ್ಧದಲ್ಲಿ ದವಡೆ ಒಡೆದುಕೊಂಡು ಬಂದ ಸೈನಿಕರೇ ಕಾಯ್ತಾ ಕೂತಿದ್ದಾರೆ. ಇವರಿಗೇನು ಅಷ್ಟು ಅವಸರ?"

"ಅದು ನಿಮಗೆ ಬೇಡ."

ಬೇಡ ಅಂದದ್ದೇ ತಡ, ಅವಳ ತಲೆಯೊಳಗೆ ಹುಳ ಹೊಕ್ಕಿತು. ಬಂದರಿನಲ್ಲಿ ಕ್ರೇನ್ ನಡೆಸುವ ಅವಳ ತಮ್ಮ ಮಾಮೂಲು ಕೊಡಲ್ಲ ಅಂದದ್ದಕ್ಕೆ ಅವನ ಕೈ ಮುರಿದವರು ಇದೇ ಮಾವನ ಕಡೆಯವರು. ಸಿಟ್ಟು ಬಂದಿತ್ತು. ಆದರೆ ಕುತೂಹಲ ಸಿಟ್ಟನ್ನು ಹಿಂದಕ್ಕೆ ತಳ್ಳಿ ಮುಂದೆ ಬಂದು ನಿಂತಿತ್ತು. ಅವಳು ಮಾವನ ಬಾಯಿಯ ಅಚ್ಚು ತೆಗೆದುಕೊಂಡಳು.

ಹಲ್ಲು ಕೂರಿಸಿದ ದಿನ ಮೇಜಿನ ಮೇಲೆ ಫೋನೊಂದನ್ನು ತಂದಿಟ್ಟಿದ್ದರು. ಅಧಿಕಾರಿ ಅದನ್ನು ಮಾವನ ಕೈಗಿಟ್ಟ. ಮಾವ ಬಾಯಿ ತೆರೆದರೆ ಮಾತಿನ ಜೊತೆ ಸೀಟಿಯೂ ಹೊರಟಿತು. ಅತ್ತ ಕಡೆ ಬಂದರಿನಲ್ಲಿದ್ದ ಅವನ ಬಂಟ, "ಯಾವನೋ ನೀನು ಮುದುಕ, ಮಾವನ ಹೆಸರು ಹೇಳ್ಕೊಂಡು!" ಎಂದು ಬೈದು ಫೋನಿಟ್ಟ.

ಅಧಿಕಾರಿಯ ಮುಖ ಹುಳ್ಳಗಾಯಿತು. ಆಗ ಅವಳಿಗೆ ಹೊಳೆಯಿತು: ಸರ್ಕಾರಕ್ಕೆ ಬೇಕಾಗಿದ್ದದ್ದು ಹಲ್ಲಲ್ಲ, ಬಂದರು ಹೆದರುವ ಆ ದನಿ.

ಮುಂದಿನ ಹಲ್ಲುಗಳನ್ನು ಉಜ್ಜಿ ಸರಿಪಡಿಸಿ ಮತ್ತೆ ಕೂರಿಸಿದಳು.

"ನಾನು ಕಣೋ," ಎಂದ ಮಾವ. ಕೋಣೆಯೇ ಗಡಗುಟ್ಟಿತು. "ಇವತ್ತಿಂದ ಹಡಗುಗಳಿಗೆ ನಮ್ಮವರೇ ಕಾವಲು. ಅಲ್ಲಿ ಬೆಂಕಿಕಡ್ಡಿ ಗೀರಿದವನ ಗತಿ ನಿನಗೆ ಗೊತ್ತಲ್ಲ?"

"ಮಾವಾ!" ಅತ್ತ ಕಡೆಯವನು ಕುರ್ಚಿ ತಳ್ಳಿ ಎದ್ದ ಸದ್ದು ಕೇಳಿತು.

ಆಯುಧ ತುಂಬಿದ ಹಡಗುಗಳು ಬಂದರಿನಲ್ಲಿ ಒಂದರ ಹಿಂದೊಂದು ಹೊತ್ತಿ ಉರಿಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ಆ ಬೆಂಕಿ ಹಚ್ಚಿದ್ದು ಶತ್ರುಗಳಾ, ನಿಮ್ಮವರಾ?"

ಮಾವ ಹೊಸ ಹಲ್ಲು ಬಿಟ್ಟು ನಕ್ಕ. "ಡಾಕ್ಟ್ರಮ್ಮ, ಈ ಸಾಹೇಬರು ನನ್ನನ್ನ ಏನೇನೋ ಕೇಳಿದ್ರು. ಇದೊಂದನ್ನ ಮಾತ್ರ ಕೇಳಲಿಲ್ಲ."

ಅಧಿಕಾರಿ ಕಿಟಕಿಯ ಕಡೆ ತಿರುಗಿಕೊಂಡ.

ಆಮೇಲೆ ಬಂದರಿನಲ್ಲಿ ಬೆಂಕಿ ಬೀಳಲಿಲ್ಲ. "ವಿಚಿತ್ರ ಅಕ್ಕ," ಎಂದ ತಮ್ಮ ಊಟಕ್ಕೆ ಕೂತಾಗ, "ನನ್ನ ಕೈ ಮುರಿದವನೇ ಈಗ ಗೇಟಲ್ಲಿ ನಿಂತು ನಮ್ಮ ಚೀಲ ತಪಾಸಣೆ ಮಾಡ್ತಾನೆ. ಪೊಲೀಸರು ಅವನಿಗೆ ಬೀಡಿ ಹಚ್ಚಿಕೊಡ್ತಾರೆ!" ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಯುದ್ಧ ಮುಗಿಯಿತು. ಅನಾರೋಗ್ಯದ ಕಾರಣಕ್ಕೆ ಮಾವನನ್ನು ಬಿಡುಗಡೆ ಮಾಡಿ ಹೊರದೇಶಕ್ಕೆ ಕಳಿಸಲಾಯಿತು ಎಂದು ಪತ್ರಿಕೆ ಬರೆಯಿತು. ಅಂದು ಅವಳು ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಅವನು ತನ್ನ ಸೊಟ್ಟ ಮಣಿಕಟ್ಟನ್ನು ನೀವಿಕೊಂಡ.

"ಸುಟ್ಟುಹೋದ ಒಂದು ಹಡಗಲ್ಲಿ ನನ್ನ ಜೊತೆ ಕೆಲಸದವರಿದ್ದರು, ಅಕ್ಕ. ಯಾರು ಹಚ್ಚಿದ್ದು ಅಂತ ಗೊತ್ತಾಗಬೇಕು."

ಮರುದಿನ ಇಬ್ಬರೂ ನೌಕಾಪಡೆಯ ಕಚೇರಿಗೆ ಹೋದರು. ಅಂಥ ಅಧಿಕಾರಿ ಇಲ್ಲಿ ಯಾರೂ ಇಲ್ಲ, ಅಂಥ ಕೆಲಸ ನಡೆದೇ ಇಲ್ಲ ಎಂದ ಗುಮಾಸ್ತ.

"ಸರಿ," ಎಂದಳು ದಂತವೈದ್ಯೆ, "ಹಂಗಂತ ಹೇಳೋದಕ್ಕೆ ನಿಮ್ಮ ಮೇಲಿನವರೇ ಬರಲಿ." ಬೆಂಚಿನ ಮೇಲೆ ತಮ್ಮನಿಗೂ ಜಾಗ ಮಾಡಿ ಕೂತಳು.