ಕಂಬಳಿ ಸುತ್ತಿದ ಹಾಸಿಗೆ

ಮಿರಗದ ಮಳೆ ಹದವಾಗಿ ಬಿದ್ದು ಸಂತಪುರದ ಹೊಲಗಳಲ್ಲಿ ಹೆಸರು ಬಿತ್ತುವ ಗಡಿಬಿಡಿ. ಝರೆಪ್ಪ ಕೂರಿಗೆ ಹೊಡೆಯುತ್ತಿದ್ದ. ಬದುವಿನ ಮೇಲೆ ಛತ್ರಿ ಹಿಡಿದು ನಿಂತ ಶಿವರಾಜಪ್ಪ ಪಾಟೀಲ ಬೆಳಗಿನಿಂದ ಬೈಯುತ್ತಲೇ ಇದ್ದ.

"ಲೇ ಬೋಳಿಮಗನ, ಸಾಲು ಸೊಟ್ಟ ಹೊಂಟದ. ಮಗ ಎಂ.ಎ. ಮಾಡ್ಯಾನಂತ ಕಣ್ಣು ನೆತ್ತಿಗಿ ಬಂದಾವೇನು?"

"ಎತ್ತು ಹೊಸಾದದ್ರಿ, ಪಾಟೀಲ್ರಿ."

"ಎತ್ತಿಗಿಂತ ನಿನ್ನ ಘಾಳೆಪ್ಪನೇ ಹೊಸಾಂವ ಆಗ್ಯಾನ. ಬೀದರ ಕಾಲೇಜಿನಾಗ ಕನ್ನಡ ಮಾಸ್ತರ ಆಗ್ತಾನಂತಲ್ಲೋ. ನಾಳಿ ನಮ್ಮಣ್ಣನ ಮಗ ವೈಜಿನಾಥನೂ ಅದೇ ನೋಕ್ರಿಗಿ ಹೊಂಟಾನ. ಅವನ ಹಾಸಿಗಿ ಹೊತ್ಕೊಂಡು ನೀ ನಡಿ. ಕಂಬಳಿ ಸುತ್ತಿರ್ತದ. ಕಂಬಳಿಗಿ ಮೈಲಿಗಿ ಹತ್ತಲ್ಲ."

"ನೋಕ್ರಿ ಇನ್ನಾ ಸಿಕ್ಕಿಲ್ಲಲ್ರಿ. ಹಾಸಿಗಿ ಯಾಕ್ರಿ?"

ಪಾಟೀಲ ನಕ್ಕ. "ಅದಕ್ಕೇ ನೀ ಕೂರಿಗಿ ಹೊಡೀತಿ, ನಾ ಕಮಿಟ್ಯಾಗ ಕೂಡ್ತೇನಿ."

ಪೊಲೀಸ್ ಆಕ್ಷನ್ ಆಗಿ ಅದು ಎರಡನೆಯ ಮಳೆಗಾಲ. ರಜಾಕಾರರು ಊರಿಗೆ ಬಂದಾಗ ರುಮಿ ಟೊಪ್ಪಿಗೆ ಹಾಕಿ ಹಾಲು ಕಾಸಿ ಕೊಟ್ಟಿದ್ದ ಪಾಟೀಲ, ಫೌಜು ಬಂದ ವಾರದಲ್ಲೇ ಬಿಳಿ ಟೊಪ್ಪಿಗೆ ಹೊಲಿಸಿಕೊಂಡಿದ್ದ. ಟೊಪ್ಪಿಗೆಯ ಹಿಂದೆಯೇ ಬೀದರ ಕಾಲೇಜಿನ ಕಮಿಟಿ ಬಂತು.

ಮಗನಿಗೆ ನೋಕರಿ ಸಿಕ್ಕರೆ ತಮ್ಮ ಮನೆತನದಲ್ಲಿ ಬಿಟ್ಟಿ ದುಡಿಯುವ ಕೊನೆಯವನು ತಾನೇ ಎಂದುಕೊಂಡಿದ್ದ ಝರೆಪ್ಪ. ಮರುದಿನ ಹಾಸಿಗೆಯ ಜೊತೆ ಮೋಟಾರು ಬಸ್ಸಿನ ಮೇಲೆ ಕೂತು ಬೀದರಿಗೆ ಬಂದ.

ಕಾಲೇಜಿನ ಪಡಸಾಲೆಯಲ್ಲಿ ಘಾಳೆಪ್ಪ ಕಂಬಕ್ಕೆ ಆತು ನಿಂತಿದ್ದ. ಬಿ.ಎ.ಗೆ ಮೂರು ಸಲ ಕೂತ ವೈಜಿನಾಥ ಒಳಗೆ ಹೋದ, ಎಲೆಅಡಿಕೆ ಜಗಿಯುತ್ತ ಹೊರಗೆ ಬಂದ. ಒಳಗಿನಿಂದ ಪ್ರಿನ್ಸಿಪಾಲ ಭಾಲಚಂದ್ರರಾಯರ ದನಿ ಕೇಳಿಸಿತು.

"ಕನ್ನಡ ನಿಮ್ಮ ವೈಜಿನಾಥಗ, ಇತಿಹಾಸ ನಮ್ಮ ಭಾವಗ. ಬರೋ ವರ್ಷ ಗಣಿತ ಖಾಲಿ ಆಗ್ತದ, ಅದು ಮತ್ತ ನಿಮ್ಮವರಿಗಿ."

"ಮಾತಂದ್ರ ಮಾತು, ರಾಯರ," ಅಂದದ್ದು ಪಾಟೀಲನ ದನಿ.

ಘಾಳೆಪ್ಪ ಬಾಗಿಲ ಜವಾನನನ್ನು ಕೇಳಿದ. "ಮುಜೀಬೋದ್ದೀನ ಚಾಚಾ, ನನ್ನ ಇನ್ನಾ ಕರೀಲಿಲ್ಲಲ್ರಿ."

"ಮುಗೀತು ಬೇಟಾ. ನಿಜಾಮನ ಕಾಲದಾಗ ನಮ್ಮವರು ಹಂಚ್ಕೊಂಡ್ರು, ಈಗ ಇವ್ರು. ಬಾಗಲಾ ತಗಿಯಾಂವ ಆಗೂ ನಾನೇ, ಈಗೂ ನಾನೇ."

ಘಾಳೆಪ್ಪ ಹೊಸ್ತಿಲ ಹೊರಗೆ ನಿಂತ. "ಎಂ.ಎ. ಮೊದಲ ದರ್ಜೆದಾಗ ಪಾಸಾಗೇನ್ರಿ. ಒಂದು ಮಾತರೆ ಕೇಳ್ರಿ."

"ನಿನಗ ಕೇಳೋದೇನದ?" ಅಂದ ಪಾಟೀಲ. "ನಿನ್ನಪ್ಪಗ ಹೇಳು, ಹಾಸಿಗಿ ವೈಜಿನಾಥನ ಖೋಲಿಗಿ ಮುಟ್ಟಿಸ್ಲಿ. ಇಬ್ಬರೂ ಊರ ಹಾದಿ ಹಿಡೀರಿ."

ರಾಯರು ಮೆತ್ತಗೆ ಅಂದರು. "ನಮಗೇನು ಜಾತಿ ಗೀತಿ ಇಲ್ಲಪ್ಪಾ. ಆದ್ರ ಹುಡುಗ್ರು ನಿನ್ನ ಮುಂದ ಕೂಡಬೇಕಲ್ಲ."

ಘಾಳೆಪ್ಪ ತಿರುಗಿದ. "ನಡಿ ಅಪ್ಪಾ."

ಪಡಸಾಲೆಯ ಮೂಲೆಯಲ್ಲಿ ಕಾದಿದ್ದ ಝರೆಪ್ಪ ಹಾಸಿಗೆ ಎತ್ತಿಕೊಂಡ. ಹೊರಗಿನ ಮೆಟ್ಟಿಲಿನತ್ತ ಹೋಗಲಿಲ್ಲ. ಕಮಿಟಿ ಕೂತ ಕೋಣೆಯ ಬಾಗಿಲಿಗೆ ತಂದು ಇಳಿಸಿ ಹಗ್ಗ ಬಿಚ್ಚಿದ. ಕಂಬಳಿ ತೆಗೆದು ಮಡಚಿ ಪಕ್ಕಕ್ಕಿಟ್ಟ. ಒಳಗಿನ ಹತ್ತಿಯ ಗಾದಿಯನ್ನು ಹೊಸ್ತಿಲಿಗೆ ಅಡ್ಡವಾಗಿ ಹಾಸಿ, ಕೆಸರುಗಾಲಲ್ಲೇ ಅದರ ಮೇಲೆ ಕೂತ.

"ಲೇ ಹಲ್ಕಟ್, ಏನ್ ಮಾಡ್ಲಿಕತ್ತಿದಿ?"

"ಕೂತೇನ್ರಿ. ನನ್ನ ಮಗನ್ನ ಒಳಗ ಕರದು ಎರಡು ಮಾತು ಕೇಳ್ರಿ. ಆಮ್ಯಾಲ ಏಳ್ತೇನಿ."

ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ಕಿಟಕಿಗಳಿಗೆ ಕಬ್ಬಿಣದ ಸರಳು. ಕಮಿಟಿ ಒಳಗೆ ಉಳಿಯಿತು.

"ಮುಜೀಬೋದ್ದೀನ, ಎಳಿ ಆ ಸೂಳೆಮಗನ್ನ."

"ನನ್ನ ಕೆಲ್ಸ ಘಂಟಿ ಹೊಡಿಯೋದ್ರಿ ಸಾಬ್," ಎಂದು ಮುಜೀಬೋದ್ದೀನ ಘಂಟೆಯ ಕಡೆ ನಡೆದ.

ಪಾಟೀಲ ವೈಜಿನಾಥನನ್ನು ನೋಡಿದ. ವೈಜಿನಾಥ ತನ್ನ ಗಾದಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಮೂರ ಆಳು, ಪಾಟೀಲ್ರಿ. ನೀವೇ ಎಬ್ಬಸ್ರಿ," ಅಂದರು ರಾಯರು.

"ಕಾಲೇಜು ನಿಮ್ಮದದಲ್ರಿ. ನೀವೇ ಕೈ ಹಚ್ರಿ."

"ನಾ ಮನಿಗಿ ಹೋಗಿ ಮಡೀಲೆ ಊಟ ಮಾಡೋದದ."

"ನನ್ನ ಕೊಳ್ಳಾಗ ಲಿಂಗ ಅದ."

ಝರೆಪ್ಪ ಇಬ್ಬರ ಮುಖವನ್ನೂ ನೋಡಲಿಲ್ಲ. ಬೆರಳುಸಂದಿಯ ಕೆಸರನ್ನು ಕೆರೆದು ಗಾದಿಗೆ ಒರೆಸುತ್ತಿದ್ದ. ರಾಯರು ಧೋತರ ಎತ್ತಿ ಹಿಡಿದು, ಗಾದಿ ದಾಟಲು ಒಂದು ಕಾಲು ಎತ್ತಿದರು. ಆಗ ಘಾಳೆಪ್ಪ ಬಂದು ಗಾದಿಯ ಖಾಲಿ ಇದ್ದ ಅರ್ಧದಲ್ಲಿ ಅಪ್ಪನ ಪಕ್ಕ ಕೂತ.

ಎತ್ತಿದ ಕಾಲು ಹಾಗೇ ನಿಂತಿತು.